ಅಜ್ಜನ ಕೋಟು, ಉದ್ದಣ್ಣನ ಬೆನ್ನು

ಬೆನ್ನು ನೋವು ಬಂದವನು ಮದ್ದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮದ್ದೇ ನಡೆದುಕೊಂಡು ಬಾಗಿಲಿಗೆ ಬರುತ್ತದೆ, ಕೂತು ಚಹಾ ಕುಡಿಯುತ್ತದೆ, ಹೋಗುವಾಗ ತನ್ನ ಸೋದರಮಾವನಿಗೂ ಹೀಗೇ ಆಗಿತ್ತೆಂದು ಹೇಳಿ ಹೋಗುತ್ತದೆ. ಇಸ್ತ್ರಿ ಅಂಗಡಿಯ ಉದ್ದಣ್ಣ ನೆಲ ಹಿಡಿದು ಹತ್ತೊಂಬತ್ತು ದಿನ ಆಗಿತ್ತು. ಅಷ್ಟರಲ್ಲಿ ಬಿಸಿ ಕೊಡು ಅಂದವರು ಆರು ಜನ, ತಣ್ಣಗಿಡು ಅಂದವರು ನಾಲ್ಕು ಜನ, ಎರಡನ್ನೂ ಹೇಳಿ ಹೋದವನು ಒಬ್ಬ.

ಅಂಗಡಿಯೆಂದರೆ ಒಂದೇ ಉದ್ದನೆಯ ಕೋಣೆ. ಮುಂದುಗಡೆ ಇಸ್ತ್ರಿ ಮೇಜು, ಗೋಡೆಗೆ ಬಟ್ಟೆ ಜೋಡಿಸುವ ಕಪಾಟು. ನಡುವೆ ಒಂದು ಪರದೆ. ಪರದೆಯ ಹಿಂದೆ ಮರದ ಹಲಗೆಯ ಮೇಲೆ ಚಾಪೆ ಹಾಕಿಕೊಂಡು ಉದ್ದಣ್ಣ, ಅಂಗಾತ. ಮನೆ ಇರುವುದು ಮಹಡಿಯಲ್ಲಿ; ಮೆಟ್ಟಿಲು ಹತ್ತುವ ಮಾತು ಸದ್ಯಕ್ಕೆ ಇರಲಿಲ್ಲ. ಪರದೆ ನೆಲಕ್ಕೆ ತಾಗುತ್ತಿರಲಿಲ್ಲ, ಒಂದು ಗೇಣು ಮೇಲೆಯೇ ನಿಂತುಬಿಟ್ಟಿತ್ತು. ಹಾಗಾಗಿ ಅವನ ಪಾಲಿಗೆ ಲೋಕವೆಂದರೆ ಪಾದಗಳು. ಹತ್ತೊಂಬತ್ತು ದಿನದಲ್ಲಿ ಅವನು ಗಿರಾಕಿಗಳನ್ನು ಚಪ್ಪಲಿಯಿಂದ ಗುರುತಿಸುವುದರಲ್ಲಿ ಪಳಗಿಬಿಟ್ಟಿದ್ದ. ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ಬ್ಯಾಂಕಿನ ಗುಮಾಸ್ತ. ಬೂಟು ಹೊಳೆಯುತ್ತಿದ್ದು ಲೇಸು ಬಿಚ್ಚಿದ್ದರೆ ಕಾಲೇಜಿನ ಮೇಷ್ಟ್ರು. ಬರಿಗಾಲಾಗಿದ್ದರೆ ಎದುರಿನ ದರ್ಜಿ. ಹೊಲಿಗೆ ಯಂತ್ರ ತುಳಿಯುವುದಕ್ಕೆ ಚಪ್ಪಲಿ ಅಡ್ಡ ಬರುತ್ತದೆಂದು ಬಿಟ್ಟವನು, ರಸ್ತೆ ದಾಟುವಾಗಲೂ ಹಾಕಿಕೊಳ್ಳುವುದನ್ನು ಮರೆಯುತ್ತಿದ್ದ.

ಮೇಜಿನ ಹತ್ತಿರ ಯಾವಾಗಲೂ ಇರುತ್ತಿದ್ದ ಪಾದಗಳು ಮಗಳವು. ಅಪ್ಪನ ಎತ್ತರಕ್ಕೆ ಮೂರು ಬೆರಳು ಕಡಿಮೆ ಬೆಳೆದು ನಿಂತ ಆ ಇಪ್ಪತ್ತಮೂರು ವರ್ಷದ ಹುಡುಗಿಗೆ ಮನೆಯಲ್ಲಿ ಇನ್ನೂ ಪುಟ್ಟಿ ಎಂದೇ ಹೆಸರು. ಅಪ್ಪ ನೆಲ ಹಿಡಿದ ಮಾರನೆಯ ದಿನ, ಯಾರೂ ಹೇಳದೆ, ಇಸ್ತ್ರಿ ಪೆಟ್ಟಿಗೆ ಕೈಗೆ ತೆಗೆದುಕೊಂಡಿದ್ದಳು.

ಉದ್ದಣ್ಣ ನೆಲ ಹಿಡಿದ ಬಗೆ ಏನೂ ದೊಡ್ಡದಲ್ಲ. ವಸತಿಗೃಹದ ಹಾಸಿಗೆ ಹೊದಿಕೆಗಳ ಗಂಟು ನೆಲದ ಮೇಲಿತ್ತು. ಕಾಲು ನೆಟ್ಟಗಿಟ್ಟು, ಸೊಂಟದಿಂದ ಬಗ್ಗಿ, ಗಂಟು ಎತ್ತಿ, ಅದೇ ಭರದಲ್ಲಿ ಕಪಾಟಿನ ಕಡೆ ತಿರುಗಿದ. ಇಪ್ಪತ್ತೈದು ವರ್ಷದಿಂದ ಹಾಗೇ ಎತ್ತುತ್ತಿದ್ದ. ಆವತ್ತು ಗಂಟು ಕಪಾಟಿಗೆ ಹೋಯಿತು, ಅವನು ಬಗ್ಗಿದಲ್ಲೇ ಉಳಿದ.

ಈ ನೋವಿನ ಬಗ್ಗೆ ಉದ್ದಣ್ಣನಿಗೆ ಯಾವ ಸಂಶಯವೂ ಇರಲಿಲ್ಲ. ಅದು ವಂಶದ್ದು. ಅಪ್ಪನಿಗೆ ಐವತ್ತಕ್ಕೆ ಬಂತು, ತನಗೆ ನಲವತ್ತಾರಕ್ಕೆ ಬಂತು. ಅಂಗಡಿ ಹಾಕಿದ ಅಜ್ಜನಿಗೆ ಮಾತ್ರ ಬರಲಿಲ್ಲ, ಎಪ್ಪತ್ತರವರೆಗೆ ಕೋಲಿನ ಹಾಗೆ ನಿಂತು ಇಸ್ತ್ರಿ ಹಾಕಿದ. ಯಾಕೆಂದರೆ ಅಜ್ಜ ಅಜ್ಜನೇ. ಅಂಥ ಆಳು ಈಗ ಎಲ್ಲಿ? ಉದ್ದಣ್ಣನ ನೆನಪಿನಲ್ಲಿ ಅಜ್ಜ ಬಾಗಿಲು ತುಂಬುವ ಮನುಷ್ಯ. ಅಜ್ಜ ತೀರಿಕೊಂಡಾಗ ತನಗೆ ಏಳು ವರ್ಷ, ಆ ವಯಸ್ಸಿನಲ್ಲಿ ಯಾರು ಬೇಕಾದರೂ ಬಾಗಿಲು ತುಂಬುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ವಂಶದ ಮಾತಿಗೆ ಅವನ ಹತ್ತಿರ ಗಟ್ಟಿ ಪುರಾವೆಯೂ ಇತ್ತು: ಹೆಂಡತಿ. ಮದುವೆಯಾದಾಗಿನಿಂದ ದಿನಾ ಮಧ್ಯಾಹ್ನ ಅದೇ ಮೇಜಿನಲ್ಲಿ ಮೂರು ಗಂಟೆ ಇಸ್ತ್ರಿ ಹಾಕುತ್ತಾಳೆ. ಒಂದು ದಿನ ಸೊಂಟ ಹಿಡಿದುಕೊಂಡವಳಲ್ಲ.

"ನೀನು ಹೊರಗಿಂದ ಬಂದವಳು. ನಿನಗೆ ಬರೋದಿಲ್ಲ. ಇದು ನಮ್ಮ ರಕ್ತದಲ್ಲಿದೆ," ಎನ್ನುತ್ತಿದ್ದ, ತುಸು ಹೆಮ್ಮೆಯಿಂದಲೇ.

"ನಿಮ್ಮ ಮನೆಯವರು ನನಗೆ ಕೊಡದೇ ಇಟ್ಟುಕೊಂಡಿದ್ದು ಅದೊಂದೇ ಅಲ್ಲ ಬಿಡಿ," ಎನ್ನುತ್ತಿದ್ದಳು ಹೆಂಡತಿ.

ಆ ಶುಕ್ರವಾರ ಮಧ್ಯಾಹ್ನ ದರ್ಜಿಯ ಬರಿಗಾಲು ಪರದೆ ದಾಟಿ ಒಳಗೆ ಬಂತು.

"ಏನಪ್ಪಾ ಉದ್ದ, ಅಲುಗಾಡಿಲ್ಲ ತಾನೆ?"

"ಎಲ್ಲಿ ಅಲುಗಾಡೋದು ದರ್ಜಿಯಣ್ಣ. ಮಗ್ಗುಲು ಬದಲಿಸೋಕೆ ಹೆಂಡತೀನ ಕರೀಬೇಕು."

"ಒಳ್ಳೇದು. ಬೆನ್ನು ಅಂದ್ರೆ ಅಂಟಿಸಿದ ಹೂಜಿ ಇದ್ದ ಹಾಗೆ. ಅಂಟು ಹಿಡಿಯೋವರೆಗೂ ಮುಟ್ಟಬಾರದು. ಇನ್ನೊಂದು ತಿಂಗಳು ಬಿದ್ದುಕೋ. ಆಮೇಲೂ ಹೋಗದಿದ್ರೆ ನಾನೇ ಹತ್ತಿ ತುಳೀತೀನಿ."

"ನೀವು ಹತ್ತೋದೇನೋ ಸುಲಭ," ಎಂದಳು ಹೆಂಡತಿ ಪರದೆಯಾಚೆಯಿಂದ. "ಇಳಿಸೋಕೆ ನಾಲ್ಕು ಜನ ಬೇಕಾಗ್ತಾರೆ."

ಉದ್ದಣ್ಣನಿಗೆ ನಗು ಬಂತು, ನಕ್ಕರೆ ನೋವು ಬಂತು. ನಗು ತಡೆದುಕೊಂಡು ಅವನು ಪರದೆಯ ಕೆಳಗೆ ನೋಡಿದ. ಮಗಳ ಪಾದಗಳು ಒಂದು ವಿಚಿತ್ರ ಕೆಲಸ ಮಾಡುತ್ತಿದ್ದವು. ಬಲಗಾಲು ತುಸು ಎತ್ತಿ ಎಡಗಾಲಿನ ಮೇಲೆ ಭಾರ ಬಿಟ್ಟಳು. ಸ್ವಲ್ಪ ಹೊತ್ತಿಗೆ ಎಡಗಾಲು ಎತ್ತಿ ಬಲಗಾಲಿಗೆ ಬಿಟ್ಟಳು. ಆಮೇಲೆ ಎರಡೂ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತಳು.

ಅವನಿಗೆ ಆ ನಡೆ ಗೊತ್ತಿತ್ತು. ನೆಲ ಹಿಡಿಯುವ ಮುಂಚೆ ತಿಂಗಳುಗಟ್ಟಲೆ ತಾನು ಹಾಗೇ ನಿಂತಿದ್ದ. ಅಪ್ಪನೂ ಹಾಗೇ ನಿಲ್ಲುತ್ತಿದ್ದ. ಸೊಂಟದಲ್ಲಿ ಬೆಂಕಿ ಕೂತವರು ನಿಲ್ಲುವ ರೀತಿ ಅದು.

"ಪುಟ್ಟಿ," ಎಂದು ಕೂಗಿದ. "ಬೆನ್ನು ನೋಯ್ತಿದ್ಯಾ?"

"ಇಲ್ಲಪ್ಪ."

"ಸುಳ್ಳು ಹೇಳಬೇಡ."

ಪಾದಗಳು ನಿಂತುಬಿಟ್ಟವು. "ಸ್ವಲ್ಪ," ಎಂದಳು.

ಅಪ್ಪನಿಗೆ ಐವತ್ತಕ್ಕೆ, ತನಗೆ ನಲವತ್ತಾರಕ್ಕೆ, ಮಗಳಿಗೆ ಇಪ್ಪತ್ತಮೂರಕ್ಕೆ. ನೋವಿಗೆ ಅವಸರ ಬಂದಿತ್ತು. ಉದ್ದಣ್ಣ ಹೆಂಡತಿಯನ್ನು ಕರೆದ.

"ಸೋಮವಾರ ಕಟ್ಟಡದ ಮಾಲೀಕನಿಗೆ ಬೀಗದ ಕೈ ವಾಪಸ್ ಕೊಟ್ಟುಬಿಡು. ಅಂಗಡಿ ಸಾಕು. ನನ್ನದಂತೂ ಮುಗೀತು, ಅವಳದಾದರೂ ಉಳೀಲಿ."

"ನಾನು ಕೊಡಲ್ಲ," ಅಂದದ್ದು ಹೆಂಡತಿಯಲ್ಲ, ಮಗಳು. "ನನಗೆ ಬರೋದು ಈ ಕೆಲಸ. ಇಷ್ಟ ಇರೋದೂ ಇದೇ. ಯಾರನ್ನ ಕೇಳಿ ಕೊಡ್ತೀಯ ಅಪ್ಪ?"

"ಹಲಗೆ ಮೇಲೆ ಮಲಗಿ ನೋಡು, ಆಗ ಹೇಳು ಇಷ್ಟ ಇದ್ಯಾ ಅಂತ."

ಜಗಳ ಇನ್ನೂ ಬೆಳೆಯುತ್ತಿತ್ತೇನೋ. ಅಷ್ಟರಲ್ಲಿ ಪರದೆಯ ಕೆಳಗೆ ಎರಡು ಬಿಳಿ ಬೂಟು ಬಂದು ನಿಂತವು. ಆರೋಗ್ಯ ಕೇಂದ್ರದ ನರ್ಸಕ್ಕ. ಪ್ರತಿ ಶುಕ್ರವಾರ ಸಮವಸ್ತ್ರ ತೆಗೆದುಕೊಂಡು ಹೋಗಲು ಬರುವವಳು. ಮೂರು ವಾರ ರಜೆಯ ಮೇಲೆ ಹೋಗಿದ್ದಳು.

"ಏನಿದು ಅಂಗಡಿಯೊಳಗೆ ಪಂಚಾಯಿತಿ? ಉದ್ದಣ್ಣ ಎಲ್ಲಿ?"

"ಕೆಳಗೆ ನೋಡಿ," ಎಂದ ಉದ್ದಣ್ಣ.

ನರ್ಸಕ್ಕ ಪರದೆ ಸರಿಸಿ ಒಳಗೆ ಬಂದಳು. ಗಂಟು ಎತ್ತಿದ ಕಥೆ, ಹತ್ತೊಂಬತ್ತು ದಿನದ ಕಥೆ, ವಂಶದ ಕಥೆ, ಬೀಗದ ಕೈಯ ಕಥೆ, ಎಲ್ಲವನ್ನೂ ನಿಂತೇ ಕೇಳಿದಳು. ದರ್ಜಿ ಹೂಜಿಯ ಮಾತನ್ನು ಇನ್ನೊಮ್ಮೆ ಹೇಳಿದ. ಅದನ್ನೂ ಕೇಳಿದಳು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತಳು.

"ಉದ್ದಣ್ಣ, ಮೊದಲು ನಾನು ಕೇಳಿದ್ದಕ್ಕೆ ನಾಚಿಕೆ ಬಿಟ್ಟು ಉತ್ತರ ಕೊಡಿ. ಮೂತ್ರ ಸರಾಗವಾಗಿ ಹೋಗತ್ತಾ? ಗೊತ್ತಿಲ್ಲದೆ ಹೋಗೋದು, ಕಟ್ಟಿಕೊಳ್ಳೋದು, ಏನಾದರೂ?"

"ಛೆ, ಇಲ್ಲ."

"ಮಲ? ತಡೆಯೋಕಾಗದ ಹಾಗೆ?"

"ಇಲ್ಲ ಅಂದ್ನಲ್ಲ." ಉದ್ದಣ್ಣ ದರ್ಜಿಯ ಕಡೆ ನೋಡಿದ. ದರ್ಜಿ ಇದಕ್ಕೂ ಏನೋ ಮದ್ದು ಹೇಳುವ ಉತ್ಸಾಹದಲ್ಲಿದ್ದ.

"ತೊಡೆಸಂದಿನಲ್ಲಿ, ಕೂರೋ ಜಾಗದಲ್ಲಿ ಜೋಮು ಹಿಡಿದು ಸ್ಪರ್ಶವೇ ಗೊತ್ತಾಗದ ಹಾಗೆ ಆಗಿದ್ಯಾ? ಕಾಲಲ್ಲಿ ಶಕ್ತಿ ಹೋಗ್ತಾ ಇದ್ಯಾ? ಜ್ವರ? ಕಾರಣ ಇಲ್ಲದೆ ಮೈ ಇಳಿಯೋದು? ಎತ್ತರದಿಂದ ಬಿದ್ದದ್ದು?"

"ಒಂದೂ ಇಲ್ಲ."

"ಸದ್ಯ. ಇದರಲ್ಲಿ ಒಂದಿದ್ರೂ ಈಗಲೇ ಗಾಡಿ ಕರೆಸಿ ಆಸ್ಪತ್ರೆಗೆ ಹಾಕ್ಕೊಂಡು ಹೋಗ್ತಿದ್ದೆ. ಇಲ್ಲದ್ದರಿಂದ ನಾಳೆ ಬೆಳಿಗ್ಗೆ ಕೇಂದ್ರಕ್ಕೆ ನೀವೇ ನಡ್ಕೊಂಡು ಬನ್ನಿ."

"ನಡ್ಕೊಂಡಾ?" ಉದ್ದಣ್ಣನಿಗಿಂತ ಮೊದಲು ದರ್ಜಿ ಬೆಚ್ಚಿಬಿದ್ದ. "ಅಂಟು ಬಿಟ್ಟುಹೋಗತ್ತಮ್ಮಾ!"

"ಬೆನ್ನು ಹೂಜಿ ಅಲ್ಲ ದರ್ಜಿಯಣ್ಣ. ಬೆನ್ನಲ್ಲಿರೋದು ಮಾಂಸಖಂಡ. ನಿಮ್ಮ ಯಂತ್ರಾನ ಒಂದು ತಿಂಗಳು ತುಳೀದೇ ಬಿಟ್ರೆ ಏನಾಗತ್ತೆ?"

"ಬಿಗಿದುಕೊಳ್ಳತ್ತೆ. ಎಣ್ಣೆ ಬಿಡಬೇಕಾಗತ್ತೆ."

"ಬೆನ್ನೂ ಅಷ್ಟೇ. ನೋವು ಜೋರಾಗಿದ್ದಾಗ ಒಂದೆರಡು ದಿನ ಮಲಗೋದು ಸರಿ. ಅದಕ್ಕಿಂತ ಹೆಚ್ಚು ಮಲಗಿದಷ್ಟೂ ಖಂಡ ಸೋತು ಬಿಗಿದುಕೊಳ್ಳತ್ತೆ, ಎದ್ದಾಗ ನೋವು ಇನ್ನಷ್ಟು ಆಗತ್ತೆ. ಆಗ ನೀವು ಇನ್ನೂ ಮಲಗು ಅಂತೀರಿ. ಪಾಪ, ಇವರು ಹತ್ತೊಂಬತ್ತು ದಿನದಿಂದ ನೋವನ್ನ ಸಾಕ್ತಾ ಇದಾರೆ."

ಉದ್ದಣ್ಣನಿಗೆ ಈ ಮಾತು ಹಿಡಿಸಲಿಲ್ಲ. ಕಾಯಿಲೆಯವನಿಗೆ ತನ್ನ ಕಾಯಿಲೆಯ ಮೇಲೆ ಒಂದು ಹಕ್ಕಿರುತ್ತದೆ. "ನಾನು ಬರಲ್ಲ. ವಂಶದ್ದಕ್ಕೆ ಡಾಕ್ಟರು ಏನು ಮಾಡ್ತಾರೆ?"

"ನಿಮಗೋಸ್ಕರ ಬೇಡ. ಪುಟ್ಟಿ ಬೆನ್ನು ನೋಯ್ತಿದೆಯಲ್ಲ, ಅವಳನ್ನ ಕರ್ಕೊಂಡು ಬನ್ನಿ."

ಉದ್ದಣ್ಣ ಹೆಂಡತಿಯನ್ನು ತನ್ನ ಚಪ್ಪಲಿ ಎಲ್ಲಿದೆಯೆಂದು ಕೇಳಿದ.

ಶನಿವಾರ ಬೆಳಿಗ್ಗೆ ಓಣಿಯ ಜನ ಒಂದು ಮೆರವಣಿಗೆ ನೋಡಿದರು. ಮುಂದೆ ಗೋಡೆ ಹಿಡಿದುಕೊಂಡು ಉದ್ದಣ್ಣ, ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ವಿಚಿತ್ರವೆಂದರೆ, ಮೊದಲ ಇಪ್ಪತ್ತು ಹೆಜ್ಜೆಗೆ ಇದ್ದ ಬಿಗಿತ ತಿರುವಿನ ಹತ್ತಿರ ಬರುವಷ್ಟರಲ್ಲಿ ತುಸು ಸಡಿಲವಾಗಿತ್ತು. ಉದ್ದಣ್ಣ ಅದನ್ನು ಗಮನಿಸಿದ, ಯಾರಿಗೂ ಹೇಳಲಿಲ್ಲ.

ಡಾಕ್ಟರು ಅವನನ್ನು ಮಲಗಿಸಿ ಒಂದೊಂದೇ ಕಾಲು ಎತ್ತಿ ನೋಡಿದರು. ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಹಿಮ್ಮಡಿಯ ಮೇಲೆ ನಡೆಸಿದರು, ಬೆರಳ ಮೇಲೆ ನಡೆಸಿದರು. ಮಗಳನ್ನೂ ಹಾಗೇ ಪರೀಕ್ಷಿಸಿದರು.

"ಇಬ್ಬರದ್ದೂ ಖಂಡ ಸೋತಿರೋದು, ಉಳುಕಿರೋದು. ನರಕ್ಕೆ ಏನೂ ಆಗಿಲ್ಲ."

"ಸ್ಕ್ಯಾನು?" ಎಂದ ಉದ್ದಣ್ಣ. ಇಷ್ಟು ದೂರ ನಡೆದು ಬಂದವನಿಗೆ ಒಂದು ಸ್ಕ್ಯಾನೂ ಇಲ್ಲವೇ ಎಂಬ ಧ್ವನಿ.

"ಈಗ ಬೇಡ. ಬೆನ್ನು ನೋವು ಬಂದವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯ ಇರೋದಿಲ್ಲ, ಕೆಲವು ವಾರದಲ್ಲಿ ತಾನಾಗಿ ಕಡಿಮೆ ಆಗತ್ತೆ. ಆರು ವಾರ ಆದರೂ ಹೋಗದಿದ್ರೆ, ಕಾಲಿಗೆ ಇಳಿದ್ರೆ, ಆಗ ನೋಡೋಣ."

"ಇದು ವಂಶದ್ದು ಡಾಕ್ಟರೇ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ವಂಶದಲ್ಲಿ ಬರೋ ಬೆನ್ನಿನ ಕಾಯಿಲೆಗಳು ಇವೆ, ಇಲ್ಲ ಅನ್ನಲ್ಲ. ಅದರಲ್ಲಿ ಬೆಳಿಗ್ಗೆ ಎದ್ದಾಗ ಬೆನ್ನು ಬಹಳ ಹೊತ್ತು ಮರದ ಹಾಗೆ ಬಿಗಿದಿರತ್ತೆ, ಓಡಾಡಿ ಕೆಲಸ ಮಾಡ್ತಾ ಮಾಡ್ತಾ ಕಡಿಮೆ ಆಗತ್ತೆ. ಹಲಗೆ ಹಿಡಿಯೋಕೆ ಮುಂಚೆ, ಅಂಗಡಿಯಲ್ಲಿದ್ದಾಗ ನಿಮಗೆ ಹೇಗಿತ್ತು?"

"ಬೆಳಿಗ್ಗೆ ಏನೂ ಇರಲ್ಲ. ಮೇಜಿನ ಹತ್ತಿರ ನಿಂತು ಎರಡು ಗಂಟೆ ಆದ ಮೇಲೆ ಶುರು."

"ರಜೆ ದಿನ?"

ಉದ್ದಣ್ಣ ಯೋಚಿಸಿದ. "ರಜೆ ದಿನ ಇರಲ್ಲ."

"ವಂಶಕ್ಕೆ ವಾರದ ರಜೆ ಇರತ್ತಾ?" ಎಂದರು ಡಾಕ್ಟರು. ಐದು ದಿನದ ಮಾತ್ರೆ ಬರೆದರು, ಹೊಟ್ಟೆಹುಣ್ಣು, ಬಿ.ಪಿ., ಮೂತ್ರಪಿಂಡದ ತೊಂದರೆ ಇಲ್ಲವೆಂದು ಕೇಳಿ ತಿಳಿದುಕೊಂಡೇ ಬರೆದರು, ಊಟದ ಮೇಲೆಯೇ ತೆಗೆದುಕೊಳ್ಳಬೇಕು, ಮುಗಿದ ಮೇಲೆ ಔಷಧಿ ಅಂಗಡಿಯಿಂದ ತಾನಾಗಿ ತಂದು ನುಂಗಬಾರದು ಎಂದರು. ದಿನಕ್ಕೆರಡು ಸಲ ಬಿಸಿನೀರಿನ ಶಾಖ. ದಿನಾ ನಡಿಗೆ, ಮೊದಲು ಹತ್ತು ನಿಮಿಷ, ಆಮೇಲೆ ಹೆಚ್ಚಿಸುತ್ತಾ ಅರ್ಧ ಗಂಟೆ. ಹಲಗೆ ಬಿಟ್ಟು ಮಾಮೂಲಿ ಹಾಸಿಗೆ. ಬೆನ್ನು ತುಳಿಸುವುದು, ಜಗ್ಗಿಸುವುದು ಬೇಡವೇ ಬೇಡ. ಮೂರು ವ್ಯಾಯಾಮ ನರ್ಸಕ್ಕ ತೋರಿಸುತ್ತಾಳೆ. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಆ ಮೇಜನ್ನ ಒಂದ್ಸಲ ಯಾರಾದರೂ ನೋಡಬೇಕು."

ಭಾನುವಾರ ಅಂಗಡಿ ಮುಚ್ಚಿತ್ತು. ನರ್ಸಕ್ಕ ಬಂದಳು. ಅಳತೆ ಟೇಪು ಕೇಳಿದ್ದಕ್ಕೆ ದರ್ಜಿ ಟೇಪಿನ ಜೊತೆ ತಾನೂ ಬಂದ. ಮೂವತ್ತು ವರ್ಷದಲ್ಲಿ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ.

ಅಂಗಡಿಯ ಗೋಡೆಯ ಮೇಲೆ, ಎತ್ತರದ ಮೊಳೆಯೊಂದರಲ್ಲಿ, ಬಿಳಿ ಬಟ್ಟೆಯ ಗವಸಿನೊಳಗೆ ಅಜ್ಜನ ಕೋಟು ತೂಗುತ್ತಿತ್ತು. ಉದ್ದಣ್ಣ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲು ನೋಡುತ್ತಿದ್ದದ್ದು ಅದನ್ನು. ಕಾಲರು ನೋಡಿ ಮನುಷ್ಯನ ಕತ್ತು ಹೇಳಬಲ್ಲವನು ಆ ಕೋಟಿನ ಅಳತೆ ಮಾತ್ರ ಎಂದೂ ತೆಗೆದವನಲ್ಲ. ಹಿರಿಯರ ಕೋಟನ್ನು ಅಳೆಯುವುದು ಅವರನ್ನೇ ಅಳೆದ ಹಾಗೆ.

"ಮೇಜು ಮಾಡಿಸಿದ್ದು ಯಾರು?" ಕೇಳಿದಳು ನರ್ಸಕ್ಕ.

"ಅಜ್ಜ. ಅಂಗಡಿ ಹಾಕಿದಾಗ. ಒಂದೇ ಮರದ್ದು. ಇವತ್ತಿನವರೆಗೆ ಒಂದು ಮೊಳೆ ಬದಲಿಸಿಲ್ಲ." ಉದ್ದಣ್ಣ ಮೇಜಿನ ಅಂಚು ಸವರಿದ. ಮೂರು ತಲೆಮಾರಿನ ಹೊಟ್ಟೆ ಒರಗಿ ಒರಗಿ ಅಲ್ಲೊಂದು ತಗ್ಗು ಬಿದ್ದಿತ್ತು.

"ನಿಂತು ತೋರಿಸಿ, ಹೇಗೆ ಇಸ್ತ್ರಿ ಹಾಕ್ತೀರಿ ಅಂತ. ಪೆಟ್ಟಿಗೆ ಬೇಡ, ಸುಮ್ಮನೆ."

ಉದ್ದಣ್ಣ ನಿಂತ. ನಿಂತ ಅನ್ನುವುದಕ್ಕಿಂತ ಮಡಿಸಿಕೊಂಡ. ಕತ್ತು ಕೆಳಗೆ, ಬೆನ್ನು ಬಿಲ್ಲು. ನರ್ಸಕ್ಕ ಅವನನ್ನು ನೆಟ್ಟಗೆ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅಲ್ಲಿಂದ ಮೇಜಿಗೆ ಕೈಯಲ್ಲಿ ಅಳೆದಳು. "ಒಂದು ಗೇಣು, ನಾಲ್ಕು ಬೆರಳು. ಅರ್ಧ ಗೇಣಿರಬೇಕಿತ್ತು. ದಿನಕ್ಕೆ ಹತ್ತು ಗಂಟೆ, ಆ ಉಳಿದದ್ದನ್ನೆಲ್ಲ ನಿಮ್ಮ ಸೊಂಟ ತುಂಬಿಕೊಡ್ತಾ ಇದೆ. ಪುಟ್ಟಿಯದೂ ಅದೇ ಕಥೆ."

"ಇದೇ ಮೇಜಲ್ಲಿ ಅಜ್ಜ ಎಪ್ಪತ್ತು ವರ್ಷದವರೆಗೆ ನೆಟ್ಟಗೆ ನಿಂತಿದ್ದ," ಎಂದ ಉದ್ದಣ್ಣ. "ಇವಳೂ ಇದೇ ಮೇಜಲ್ಲಿ ಮಾಡ್ತಾಳೆ, ಏನೂ ಆಗಿಲ್ಲ. ಮೇಜಿನ ತಪ್ಪಾದ್ರೆ ಇವಳಿಗೂ ಬರಬೇಕಿತ್ತು ತಾನೆ? ಇವಳು ನಮ್ಮ ವಂಶ ಅಲ್ಲ. ಅದಕ್ಕೇ ಬಂದಿಲ್ಲ."

ನರ್ಸಕ್ಕ ಅವನ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗೋಡೆಯ ಮೇಲಿನ ಗವಸನ್ನು ನೋಡಿದಳು.

"ಅತ್ತಿಗೆ, ಆ ಕೋಟು ಸ್ವಲ್ಪ ತೆಗೀತೀರಾ?"

"ಕೋಟು ಯಾಕೆ?" ಉದ್ದಣ್ಣನ ಧ್ವನಿ ಏರಿತು.

ಅಷ್ಟರಲ್ಲಿ ಹೆಂಡತಿ ಸ್ಟೂಲು ಹತ್ತಿ ಕೋಟು ತೆಗೆದಾಗಿತ್ತು. ನರ್ಸಕ್ಕ ಅದನ್ನು ದರ್ಜಿಯ ಕೈಗಿಟ್ಟಳು. "ನೀವೇ ಹೇಳಿ ದರ್ಜಿಯಣ್ಣ. ಇದನ್ನ ಹಾಕ್ತಿದ್ದವರು ಎಷ್ಟು ಎತ್ತರ ಇದ್ದಿರಬಹುದು?"

ತನ್ನ ಕಸುಬಿನ ಮಾತು ಬಂದ ಕೂಡಲೇ ದರ್ಜಿಯ ಬೆನ್ನಿಗೇ ಒಂದು ಗಾಂಭೀರ್ಯ ಬಂತು. ಭುಜ ಅಳೆದ, ತೋಳು ಅಳೆದ, ಉದ್ದ ಅಳೆದ. ಇನ್ನೊಮ್ಮೆ ತೋಳು ಅಳೆದ. ಉದ್ದಣ್ಣನ ಮುಖ ನೋಡಿದ. "ಐದಡಿ ಎರಡಂಗುಲ," ಎಂದ ಮೆಲ್ಲಗೆ. "ಹೆಚ್ಚಂದ್ರೆ ಮೂರು."

"ಟೇಪು ಸರಿ ಇಲ್ಲ," ಎಂದ ಉದ್ದಣ್ಣ.

ಇದು ದರ್ಜಿಗೆ ಆಡಬಾರದ ಮಾತು. ಅವನ ಮುಖ ಕೆಂಪಾಯಿತು. "ಲೇ ಉದ್ದ, ಬೆನ್ನಿನ ವಿಷಯದಲ್ಲಿ ನಾನು ತಪ್ಪಿರಬಹುದು. ತೋಳಿನ ವಿಷಯದಲ್ಲಿ ತಪ್ಪಲ್ಲ. ಬಾ ಇಲ್ಲಿ." ಕೋಟನ್ನು ಉದ್ದಣ್ಣನ ಬೆನ್ನಿಗೆ ಹಿಡಿದ. ಕೆಳಗಿನ ಅಂಚು ಸೊಂಟದ ಹತ್ತಿರವೇ ನಿಂತಿತು. ತೋಳು ಮಣಿಕಟ್ಟಿನವರೆಗೆ ಬರದೆ ಕೈ ಚೆಲ್ಲಿತು.

"ಅತ್ತಿಗೆ, ನೀವು ಹಾಕ್ಕೊಳ್ಳಿ," ಎಂದಳು ನರ್ಸಕ್ಕ.

ಹೆಂಡತಿ ಕೋಟು ಹಾಕಿಕೊಂಡಳು. ಒಂದು ಗುಂಡಿ ಹಾಕಿದಳು, ಎರಡು ಹಾಕಿದಳು. ಭುಜ ಭುಜಕ್ಕೆ ಕೂತಿತು, ತೋಳು ಮಣಿಕಟ್ಟಿಗೆ ಬಂದು ನಿಂತಿತು. ಅವಳಿಗೇ ಅಳತೆ ತೆಗೆದು ಹೊಲಿದ ಹಾಗಿತ್ತು. ಅವಳು ಮೇಜಿನ ಮುಂದೆ ಹೋಗಿ ಕೈ ಇಟ್ಟಳು. ಬೆನ್ನು ನೆಟ್ಟಗಿತ್ತು.

ದರ್ಜಿ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

"ನನಗೆ ಗೊತ್ತಿತ್ತು," ಎಂದಳು ಹೆಂಡತಿ. "ವರ್ಷಕ್ಕೊಂದ್ಸಲ ಇದಕ್ಕೆ ಇಸ್ತ್ರಿ ಹಾಕೋಳು ನಾನೇ ಅಲ್ವಾ. ಒಂದು ಚಳಿಗೆ ಹಾಕ್ಕೊಂಡೂ ಇದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಕೇಳ್ಲಿಲ್ಲ ಯಾಕೆ?"

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ನರ್ಸಕ್ಕ ನಗಲಿಲ್ಲ.

"ಉದ್ದಣ್ಣ, ಎತ್ತರ ನಿಮಗೆ ಎಲ್ಲಿಂದ ಬಂತು?"

"ಅಜ್ಜಿ ಉದ್ದ ಇದ್ಲು ಅಂತಾರೆ. ಅಪ್ಪನೂ ಅವಳ ಹಾಗೇ," ಎಂದ ಉದ್ದಣ್ಣ, ನೆಲ ನೋಡುತ್ತಾ.

"ಹಾಗಾದ್ರೆ ವಂಶದಿಂದ ಬಂದದ್ದು ಎತ್ತರ. ನೋವು ಬಂದದ್ದು ಈ ತಗ್ಗು ಮೇಜಿಂದ, ಆ ಗಂಟು ಎತ್ತೋ ರೀತಿಯಿಂದ, ಬಿಡುವಿಲ್ಲದೆ ನಿಲ್ಲೋದರಿಂದ. ಕೋಟು ಆಗಲ್ಲ ಅಂತ ಕಣ್ಣಿಗೆ ಕಾಣತ್ತೆ, ಯಾರೂ ಹಾಕ್ಕೊಳ್ಳಲ್ಲ. ಮೇಜು ಆಗಲ್ಲ ಅಂತ ಬೆನ್ನಿಗೆ ಮಾತ್ರ ಗೊತ್ತಾಗತ್ತೆ. ಅದು ಹೇಳ್ತಾನೇ ಇತ್ತು."

ಹೊರಗೆ ಗೋಡೆ ಕಟ್ಟಿ ಉಳಿದ ಇಟ್ಟಿಗೆಗಳಿದ್ದವು. ಮಗಳು ಎಂಟು ಇಟ್ಟಿಗೆ ತಂದಳು, ಕಾಲಿಗೆರಡರಂತೆ. ಕೊನೆಯ ಗಳಿಗೆಯಲ್ಲಿ ಉದ್ದಣ್ಣ ಮೇಜಿನ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟ.

"ಅಜ್ಜನ ಮೇಜಿಗೆ ಇಟ್ಟಿಗೆ ಕೊಡೋದಾ? ಅವನು ಮಾಡಿಸಿದ್ದನ್ನ ನಾನು ತಿದ್ದೋದಾ?"

"ಅಜ್ಜ ಏನು ಮಾಡಿದ?" ಎಂದಳು ನರ್ಸಕ್ಕ. "ಬಡಗೀನ ಕರೆಸಿ, ತನ್ನ ಮೈ ಅಳತೆಗೆ ತಕ್ಕ ಮೇಜು ಮಾಡಿಸಿಕೊಂಡ. ಅಂಥ ಜಾಣ. ಅಜ್ಜನ ಹಾಗೆ ನಡೀಬೇಕು ಅಂದ್ರೆ ನೀವೂ ಅದನ್ನೇ ಮಾಡಿ."

ಉದ್ದಣ್ಣ ಮೇಜಿನಿಂದ ಒಂದೊಂದೇ ಕೈ ತೆಗೆದ.

"ಆರು ವಾರ," ಎಂದ. "ಡಾಕ್ಟರು ಹೇಳಿದಷ್ಟು. ಪುಟ್ಟಿ ಬೆನ್ನು ಆಗಲೂ ನೋಯ್ತಿದ್ರೆ, ಬೀಗದ ಕೈ ಮಾಲೀಕನಿಗೆ. ಅಲ್ಲಿವರೆಗೆ ಇಲ್ಲಿರಲಿ." ಬೀಗದ ಕೈಯನ್ನು ಕೋಟಿನ ಮೊಳೆಗೆ ತೂಗುಹಾಕಿದ.

ಆ ಆರು ವಾರ ನೇರವಾಗಿ ನಡೆಯಲಿಲ್ಲ. ಮೊದಲ ವಾರ ಉದ್ದಣ್ಣ ವ್ಯಾಯಾಮಕ್ಕೆ ನಾಚಿದ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಒಂದೊಂದೇ ಮಂಡಿಯನ್ನು ಎದೆಗೆ ತರುವುದು, ಕೈ ಮಂಡಿ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆ ಕೆಳಗೆ ಮಾಡುವುದು. ಪರದೆ ಗೇಣು ಗಿಡ್ಡವಾಗಿದ್ದರಿಂದ ಗಿರಾಕಿಗಳೆಲ್ಲ ನೋಡಿದರು. ಹೆಂಡತಿ ಪರದೆಗೆ ಒಂದು ಪಟ್ಟಿ ಸೇರಿಸಿ ಹೊಲಿದಳು. ಎರಡನೇ ವಾರ ಮೆಟ್ಟಿಲು ಹತ್ತಿದ. ಮೂರನೇ ವಾರ, ಎಲ್ಲ ಸರಿಹೋಯಿತೆಂಬ ಹುರುಪಿನಲ್ಲಿ ಹಳೇ ರೀತಿ ಬಗ್ಗಿ ಗಂಟೊಂದನ್ನು ಎತ್ತಿ ಎರಡು ದಿನ ಮತ್ತೆ ಮುಲುಗಿದ. ಈ ಸಲ ಹಲಗೆಗೆ ಹೋಗಲಿಲ್ಲ; ಶಾಖ ಕೊಟ್ಟುಕೊಂಡು ಮೆಲ್ಲಗೆ ನಡೆದ. ಆವತ್ತಿನಿಂದ ಮಗಳು ನಿಯಮ ಮಾಡಿದಳು: ದೊಡ್ಡ ಗಂಟು ಬಂದರೆ ಬಿಚ್ಚಿ ಎರಡು ಮಾಡಬೇಕು. ಎತ್ತುವಾಗ ಹತ್ತಿರ ಹೋಗಿ, ಮಂಡಿ ಮಡಿಸಿ ಕುಕ್ಕರುಗಾಲಲ್ಲಿ ಕೂತು, ಗಂಟನ್ನು ಎದೆಗೆ ಅಪ್ಪಿಕೊಂಡು, ಕಾಲಿನ ಬಲದಿಂದ ಏಳಬೇಕು. ಎದ್ದ ಮೇಲೆ ಸೊಂಟ ತಿರುಗಿಸದೆ ಪಾದವನ್ನೇ ತಿರುಗಿಸಬೇಕು. ಅರ್ಧ ಗಂಟೆಗೊಮ್ಮೆ ಪೆಟ್ಟಿಗೆ ಇಟ್ಟು ಬಾಗಿಲವರೆಗೆ ನಡೆದು ಬರಬೇಕು. ಇಟ್ಟಿಗೆ ಅಲುಗಾಡುತ್ತಿದ್ದವೆಂದು ಬಡಗಿಯನ್ನು ಕರೆಸಿ ಮೇಜಿನ ಕಾಲಿಗೆ ಅಷ್ಟೇ ಎತ್ತರದ ಮರದ ತುಂಡು ಕೂಡಿಸಿದರು.

ಈ ಏರ್ಪಾಡಿನಿಂದ ನಷ್ಟವಾದದ್ದು ಒಬ್ಬಳಿಗೆ.

"ನನಗೀಗ ಮೇಜು ಎದೆಗೆ ಬರತ್ತೆ. ನಿಮ್ಮ ನೋವು ನನಗೆ ದಾಟಿಸ್ತೀರಾ?" ಎಂದಳು ಹೆಂಡತಿ.

ಉದ್ದಣ್ಣ ತಾನು ಹತ್ತೊಂಬತ್ತು ದಿನ ಮಲಗಿದ್ದ ಹಲಗೆಯನ್ನು ಬಡಗಿಗೆ ಕೊಟ್ಟ. ಅದು ಗಿಡ್ಡ ಕಾಲಿನ ಮಣೆಯಾಗಿ ಬಂತು. ಮಧ್ಯಾಹ್ನದ ಮೂರು ಗಂಟೆ ಅವಳು ಅದರ ಮೇಲೆ ನಿಂತು ಇಸ್ತ್ರಿ ಹಾಕತೊಡಗಿದಳು. ಆ ಹಲಗೆಯಿಂದ ಬೆನ್ನಿಗೆ ಉಪಕಾರವಾದದ್ದು ಅದೇ ಮೊದಲು.

ಐದನೇ ವಾರ, ಗಿರಾಕಿಗಳಿಲ್ಲದ ಹೊತ್ತು ನೋಡಿ ದರ್ಜಿ ಬಂದ. ನರ್ಸಕ್ಕ ಇದ್ದಳು.

"ಅದೇನಮ್ಮಾ, ನನ್ನ ಪರಿಚಯದವನೊಬ್ಬ. ದಿನವಿಡೀ ಕೂತೇ ಕೆಲಸ. ಬಗ್ಗಿ ಕೂರ್ತಾನೆ. ಕತ್ತಿಂದ ಸೊಂಟದವರೆಗೆ ಹಿಡ್ಕೊಂಡಿರತ್ತೆ ಅಂತಾನೆ. ಅವನೇನು ಮಾಡಬೇಕು?"

"ನಿಮ್ಮ ಪರಿಚಯದವರಿಗೆ ಹೇಳಿ, ಬೆನ್ನಿಗೆ ಆಸರೆ ಇರೋ ಕುರ್ಚಿ ತಗೊಳ್ಳಲಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಹೊಟ್ಟೆ ಸ್ವಲ್ಪ ಇಳಿಸಲಿ. ಬೀಡಿ ಸೇದ್ತಾರಾ?"

"ಸೇದ್ತಾನೆ ಪಾಪ."

"ಅದೂ ಬೆನ್ನಿಗೆ ಒಳ್ಳೇದಲ್ಲ. ಬಿಡಲಿ. ಮತ್ತೆ, ನಡೆಯುವಾಗ ಚಪ್ಪಲಿ ಹಾಕ್ಕೊಳ್ಳಲಿ."

ದರ್ಜಿ ತನ್ನ ಪಾದ ನೋಡಿಕೊಂಡು ಹೊರಟುಹೋದ.

ಆರು ವಾರ ಮುಗಿದ ಸೋಮವಾರ ಉದ್ದಣ್ಣ ಬೆಳಿಗ್ಗೆಯೇ ಪರದೆಯ ಹಿಂದೆ ಹೋಗಿ ನ್ಯಾಯಾಧೀಶನ ಹಾಗೆ ಕೂತ. ಪರದೆಯನ್ನು ಒಂದು ಗೇಣು ಎತ್ತಿ ಹಿಡಿದು ಮಗಳ ಪಾದಗಳನ್ನು ನೋಡತೊಡಗಿದ. ಒಂದು ಗಂಟೆ ನೋಡಿದ. ಎರಡು ಗಂಟೆ ನೋಡಿದ. ಪಾದಗಳು ಬಾಗಿಲವರೆಗೆ ಹೋದವು, ಬಂದವು. ಎರಡೂ ನೆಲದ ಮೇಲೆ ಸಮವಾಗಿ ನಿಂತಿದ್ದವು. ಹಿಮ್ಮಡಿ ಏಳಲಿಲ್ಲ. ಭಾರ ಆ ಕಾಲಿಂದ ಈ ಕಾಲಿಗೆ ಹೋಗಲಿಲ್ಲ.

"ಪುಟ್ಟಿ, ಬೆನ್ನು?"

"ಯಾವ ಬೆನ್ನು?" ಎಂದಳು ಮಗಳು, ಕಾಲರಿನಿಂದ ಕಣ್ಣೆತ್ತದೆ.

ಉದ್ದಣ್ಣ ಎದ್ದ. ಗೋಡೆ ಹಿಡಿಯದೆ ಎದ್ದ. ಮೊಳೆಯಿಂದ ಬೀಗದ ಕೈ ತೆಗೆದು, ಹೇಳಿದ ಮಾತಿನಂತೆ ಆ ಸೋಮವಾರವೇ ಕೊಟ್ಟುಬಿಟ್ಟ. ಮಾಲೀಕನಿಗಲ್ಲ, ಮಗಳಿಗೆ. ಕೋಟನ್ನು ಗವಸಿನಿಂದ ಹೊರತೆಗೆದು ಹೆಂಡತಿಗೆ ಕೊಟ್ಟ, ಚಳಿ ಶುರುವಾಗಿತ್ತು.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರದೋ ಅಳತೆಯ ಮೇಜೊಂದು ಇದ್ದೇ ಇರುತ್ತದೆ. ಪಾತ್ರೆ ತೊಳೆಯುವ ತೊಟ್ಟಿ, ಅಡುಗೆಯ ಕಟ್ಟೆ, ಕಚೇರಿಯ ಕುರ್ಚಿ, ಗಿಡ್ಡ ಹಿಡಿಯ ಪೊರಕೆ ಯಾವುದಾದರೂ ಆಗಬಹುದು. ಇವತ್ತೇ ಅದರ ಮುಂದೆ ಒಮ್ಮೆ ನೆಟ್ಟಗೆ ನಿಂತು ನೋಡಿ. ಕೆಲಸ ನಿಮ್ಮ ಮೊಣಕೈಗಿಂತ ಅರ್ಧ ಗೇಣು ಕೆಳಗಿದ್ದರೆ ಸರಿ. ಬಹಳ ಕೆಳಗಿದ್ದರೆ ಅದನ್ನು ಎತ್ತರಿಸಿ, ಮೇಲಿದ್ದರೆ ನೀವು ಮಣೆ ಹತ್ತಿ. ಭಾರವನ್ನು ಕಾಲಿನಿಂದ ಎತ್ತಿ. ನೋವು ಬಂದರೆ ತಿಂಗಳುಗಟ್ಟಲೆ ಮಲಗಬೇಡಿ, ಯಾರನ್ನೂ ಬೆನ್ನು ಹತ್ತಿಸಬೇಡಿ, ಮೆಲ್ಲಗೆ ನಡೆದಾಡುತ್ತಿರಿ. ಕೆಲವು ವಾರದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲು ಸೋತರೆ, ಜ್ವರ ಬಂದರೆ, ಮೈ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ. ಮತ್ತು ಮೇಜು ಅಳೆಯುವ ಮುಂಚೆ ನಿಮ್ಮ ಮನೆಯಾಕೆಯನ್ನು ಒಂದು ಮಾತು ಕೇಳಿ. ಆಕೆಗೆ ಗೊತ್ತಿರಬಹುದು, ಇಲ್ಲಿಯವರೆಗೆ ಯಾರೂ ಕೇಳಿರಲಿಕ್ಕಿಲ್ಲ.